ಅಪ್ಪನ ಕೆಂಪು ಗಾಜು, ಅವ್ವನ ಹಣೆ

ಕೊಟ್ಟೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನ ಫೋಟೋ ಸ್ಟುಡಿಯೋ ಇದೆ. ಅಪ್ಪ ಶುರುಮಾಡಿದ್ದು. ಅವನು ತೀರಿಕೊಂಡ ಮೇಲೆ ಕ್ಯಾಮೆರಾ ನಾನು ಹಿಡಿದೆ. ಹೆಣ್ಣುಮಗಳು ಸ್ಟುಡಿಯೋ ನಡೆಸಿದಂಗೇ ಸೈ ಎಂದು ಮೂಗು ಮುರಿದವರೇ ಇವತ್ತು ಮಕ್ಕಳ ಪಾಸ್‌ಪೋರ್ಟ್ ಸೈಜ್ ಫೋಟೋಕ್ಕೆ ನನ್ನ ಬಾಗಿಲಲ್ಲಿ ನಿಲ್ಲುತ್ತಾರೆ. ನಿಲ್ಲಲಿ, ನನಗೇನು.

ಅಪ್ಪನ ಡ್ರಾಯರಿನಲ್ಲಿ ರೀಲಿನ ಕಾಲದ ಬಣ್ಣದ ಗಾಜುಗಳಿದ್ದವು. ಹಳದಿ, ಹಸಿರು, ಕೆಂಪು. ಲೆನ್ಸಿನ ಮೂತಿಗೆ ತಿರುಗಿಸಿ ಕೂರಿಸುವಂಥವು. ಕಪ್ಪುಬಿಳುಪು ಫೋಟೋಕ್ಕೆ ಬಣ್ಣದ ಗಾಜು ಯಾಕೆ ಎಂದು ಚಿಕ್ಕಂದಿನಲ್ಲಿ ಕೇಳಿದ್ದಕ್ಕೆ ಅಪ್ಪ ಹೇಳಿದ್ದು ಇಷ್ಟೇ: ಗಾಜು ತನ್ನ ಬಣ್ಣದ್ದನ್ನು ಬೆಳ್ಳಗೆ ಮಾಡುತ್ತದೆ, ತನಗಾಗದ ಬಣ್ಣವನ್ನು ಕಪ್ಪು ಮಾಡುತ್ತದೆ. ಕೆಂಪು ಗಾಜು ಹಾಕಿ ಬಾಗಳಿಯ ಗುಡಿಯನ್ನು ತೆಗೆದರೆ ನೀಲಿ ಆಕಾಶ ಕಪ್ಪಾಗಿ, ಮೋಡಗಳು ಎದ್ದು ಬಂದು, ಗುಡಿಯ ಕಲ್ಲು ಬೆಳಗುತ್ತಿತ್ತು.

ಈಗ ಜನಕ್ಕೆ ಮತ್ತೆ ಕಪ್ಪುಬಿಳುಪಿನ ಹುಚ್ಚು ಹತ್ತಿದೆ. ಹೊಸ ಮನೆ ಕಟ್ಟಿದವರು ಪಡಸಾಲೆಯಲ್ಲಿ ಅಜ್ಜ-ಅಜ್ಜಿಯ ಹಳೇ ಫೋಟೋದ ಬಾಜೂಕೆ ತಮ್ಮದೂ ಹಂಗೇ ಇರಲಿ ಅನ್ನುತ್ತಾರೆ. ನಾನು ಡಿಜಿಟಲ್ ಕ್ಯಾಮೆರಾಕ್ಕೆ ಒಂದು ಉಂಗುರ ಕೂರಿಸಿ, ಅದರ ಮೇಲೆ ಅಪ್ಪನ ಗಾಜು ಹಾಕುತ್ತೇನೆ. ಬಣ್ಣದಲ್ಲಿ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಮಾಡಿದರೆ ಸಾಲದೇ, ಹಳೇ ಕಾಲದ ಗಾಜು ಯಾಕೆ ಎಂದು ಹೊಸಪೇಟೆಯಿಂದ ಬಂದ ಒಬ್ಬ ಫೋಟೋಗ್ರಾಫರ್ ನನಗೆ ಬುದ್ಧಿ ಹೇಳಲು ಬಂದಿದ್ದ. ಮಾಡಬಹುದು, ನನಗೂ ಗೊತ್ತು. ಆದರೆ ಗಾಜು ಹಾಕಿ ತೆಗೆದರೆ ಗಾಜು ತಡೆದದ್ದು ಒಳಗೆ ಬರುವುದೇ ಇಲ್ಲ. ಆಮೇಲೆ ಎಷ್ಟೇ ತಿಣುಕಿದರೂ ಅದನ್ನು ಹೊರಗೆ ತೆಗೆಯಲು ಆಗುವುದಿಲ್ಲ. ನನಗೆ ಆ ಖಾತ್ರಿ ಇಷ್ಟ.

ಅವ್ವ ದಿನಾ ನನ್ನ ಜೊತೆ ಸ್ಟುಡಿಯೋಕ್ಕೆ ಬರುತ್ತಿದ್ದಳು. ಮೂಲೆಯ ಸ್ಟೂಲಿನ ಮೇಲೆ ಕೂತು ಪಾಸ್‌ಪೋರ್ಟ್ ಫೋಟೋಗಳನ್ನು ಕತ್ತರಿಸಿ ಕವರಿಗೆ ಹಾಕುವುದು ಅವಳ ಕೆಲಸ. ಹಣೆಗೆ ಬರೀ ವಿಭೂತಿ. ಅಪ್ಪ ಹೋದ ದಿನ ಬಳಗದ ಹೆಂಗಸರು ಅವಳ ಕುಂಕುಮ ಒರೆಸಿದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದ್ದೆ. ಆ ಸಿಟ್ಟು ಇನ್ನೂ ಇಳಿದಿಲ್ಲ. ನಮ್ಮ ಮಂದಿಗೆ ಶರಣರ ಮಾತು ಬಾಯಿ ತುಂಬ ಬೇಕು, ಹೆಂಗಸಿನ ಹಣೆಯ ವಿಷಯ ಬಂತೋ, ಎಲ್ಲರೂ ಹಳೇ ದಾರಿಯವರೇ. ಹಚ್ಚಿಕೋ ಅವ್ವ, ಯಾರು ಏನಂದಾರು ಎಂದು ನಾನು ಎಷ್ಟೋ ಸಲ ಅಂದಿದ್ದೇನೆ. ಗಡಿಗೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ ಎಂದು ಅವಳು ಕತ್ತರಿ ಆಡಿಸುತ್ತಿದ್ದಳು. ತನಗೆ ಬೇಡ ಎಂದು ಮಾತ್ರ ಒಂದು ದಿನವೂ ಅಂದವಳಲ್ಲ.

ಒಂದು ಸಲ ಅಡತಿ ಅಂಗಡಿಯ ಯಜಮಾನರೊಬ್ಬರು ಹೆಂಡತಿಯನ್ನು ಕರೆದುಕೊಂಡು ಜೋಡಿ ಫೋಟೋ ತೆಗೆಸಲು ಬಂದರು. ಆಕೆಯ ಕೆನ್ನೆ ತುಂಬ ಬಂಗಿನ ಕಂದು ಕಲೆ. ಕೆಂಪು ಗಾಜು ಬಂಗನ್ನು ತಿಳಿಯಾಗಿಸುತ್ತದೆ, ಅದಕ್ಕೇ ಹಾಕಿದೆ. ಕ್ಯಾಮೆರಾದ ಸಣ್ಣ ಪರದೆಯಲ್ಲಿ ಕಣ್ಣು ನೋಡಿದೆ, ಕೆನ್ನೆ ನೋಡಿದೆ, ಚೆಂದ ಬಂತು ಎಂದು ನನಗೆ ನಾನೇ ಶಾಭಾಸ್ ಹೇಳಿಕೊಂಡೆ. ದೊಡ್ಡದು ಮಾಡಿ ಕಟ್ಟು ಹಾಕಿಸಿದ ಮೇಲೆ ಯಜಮಾನರು ಬಂದು ನೋಡಿದರು. ಆಮೇಲೆ ಫೋಟೋವನ್ನು ಮೇಜಿನ ಮೇಲೆ ಬೋರಲು ಹಾಕಿದರು.

"ಜೀವಂತ ಇರೋ ಗಂಡನ್ನ ಬಾಜೂಕ ಕುಂದ್ರಿಸಿ, ಹೆಂಡ್ತಿ ಹಣಿ ಬೋಳು ಮಾಡೀರಲ್ರೀ?"

ಎತ್ತಿ ನೋಡಿದರೆ ಹೌದು. ಆಕೆ ಹಚ್ಚಿಕೊಂಡಿದ್ದ ಕಾಸಗಲದ ಕುಂಕುಮ ಹಣೆಯ ಬಣ್ಣದಲ್ಲಿ ಕರಗಿಹೋಗಿತ್ತು. ಕೆಂಪು ಗಾಜಿನ ಮುಂದೆ ಕೆಂಪು ಕುಂಕುಮ ಉಳಿದೀತೇ? ಇಷ್ಟು ವರ್ಷ ಗಾಜು ಹಿಡಿದವಳಿಗೆ ಇಷ್ಟು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಅವರನ್ನು ಮತ್ತೆ ಕೂರಿಸಿ ಹಸಿರು ಗಾಜು ಹಾಕಿ ತೆಗೆದೆ. ಕುಂಕುಮ ಕಪ್ಪಗೆ, ದುಂಡಗೆ ಬಂತು. ಬಂಗೂ ಕಪ್ಪಗೇ ಬಂತು. ಅದನ್ನು ಕಂಪ್ಯೂಟರಿನಲ್ಲಿ ತೆಗೆದುಕೊಡುತ್ತೇನೆ ಅಂದರೆ ಆಕೆ ಬೇಡವೆಂದರು. ಬಂಗು ಇದ್ದರೆ ಇರಲಿ, ಕುಂಕುಮ ಬಂತಲ್ಲ, ಅಷ್ಟು ಸಾಕು ಎಂದು ನಕ್ಕರು. ಮೂಲೆಯಲ್ಲಿ ಅವ್ವನ ಕತ್ತರಿ ನಿಂತಿದ್ದು ನನಗೆ ಗೊತ್ತಾಯಿತು, ಆದರೆ ನಾನು ತಿರುಗಿ ನೋಡಲಿಲ್ಲ.

ಅದಾಗಿ ಕೆಲವು ದಿನಗಳಿಗೆ, ಮಧ್ಯಾಹ್ನ ಅರ್ಧ ಬಾಗಿಲು ಮುಚ್ಚಿ ಇಬ್ಬರೂ ರೊಟ್ಟಿ ತಿಂದು ಕೈ ತೊಳೆದಿದ್ದೆವು. ಅವ್ವ ಡ್ರಾಯರು ಎಳೆದು ಕೆಂಪು ಗಾಜು ತೆಗೆದು ಬೆಳಕಿಗೆ ಹಿಡಿದಳು. ಇದರಲ್ಲಿ ಕುಂಕುಮ ಖರೇನೇ ಕಾಣುವುದಿಲ್ಲವೇ ಎಂದು ಕೇಳಿದಳು. ಕಾಣುವುದಿಲ್ಲ ಅಂದೆ. ಫೋಟೋದಲ್ಲಿ ಕಾಣದಿದ್ದರೂ ಕಂಪ್ಯೂಟರಿನಲ್ಲಿ ಉಳಿದಿರುತ್ತದೇನೋ ಅಂದಳು. ಬಣ್ಣದಲ್ಲಿ ತೆಗೆದರೆ ಉಳಿಯುತ್ತದೆ, ಗಾಜು ಹಾಕಿ ತೆಗೆದರೆ ಎಲ್ಲೂ ಉಳಿಯುವುದಿಲ್ಲ ಎಂದು ನಾನು ಮೇಷ್ಟರ ಹಾಗೆ ವಿವರಿಸುತ್ತಾ ಹೋದೆ. ಅವಳು ಯಾಕೆ ಕೇಳುತ್ತಿದ್ದಾಳೆಂದು ನನ್ನ ತಲೆಗಿನ್ನೂ ಹೋಗಿರಲಿಲ್ಲ.

"ಹಂಗಾರ ನಂದೊಂದು ಫೋಟೋ ತಗೀ," ಅಂದಳು ಅವ್ವ. "ನಿಮ್ಮಪ್ಪನ ಬಾಜೂಕ ಹಾಕಾಕ. ಹಚ್ಚಿಕೊಂಡು ಕುಂದರ್ತೀನಿ. ಯಾರಿಗೂ ಕಾಣಬಾರ್ದು. ನನಗ ಗೊತ್ತಿದ್ರ ಸಾಕು."

ನಾನು ಎದ್ದು ಹೋಗಿ ಬಾಗಿಲನ್ನು ಪೂರ್ತಿ ಹಾಕಿದೆ.

ಸ್ಟುಡಿಯೋದ ದೇವರ ಫೋಟೋದ ಮುಂದೆ ನಾನು ದಿನಾ ಪೂಜೆಗೆ ಇಟ್ಟುಕೊಂಡಿದ್ದ ಕುಂಕುಮದ ಭರಣಿ ಇತ್ತು. ಕನ್ನಡಿ ಕೊಡಲು ಹೋದೆ, ಬೇಡವೆಂದಳು. ಉಂಗುರ ಬೆರಳು ಭರಣಿಯೊಳಗೆ ಅದ್ದಿ, ನೋಡದೆಯೇ, ಹುಬ್ಬುಗಳ ನಡುವೆ ಸ್ವಲ್ಪ ಮೇಲೆ, ವಿಭೂತಿಯ ಕೆಳಗೆ, ಮೊದಲೆಲ್ಲ ಇರುತ್ತಿದ್ದ ಜಾಗದಲ್ಲೇ ಇಟ್ಟುಕೊಂಡಳು. ಅಷ್ಟು ವರ್ಷವಾದರೂ ಬೆರಳು ದಾರಿ ತಪ್ಪಲಿಲ್ಲ. ಸೆರಗು ಸರಿಮಾಡಿಕೊಂಡು ಬಂದು ಕುರ್ಚಿಯ ಮೇಲೆ ನೆಟ್ಟಗೆ ಕೂತಳು.

ನಾನು ಕ್ಯಾಮೆರಾಕ್ಕೆ ಕಣ್ಣು ಹಚ್ಚಿದರೆ ಎಲ್ಲವೂ ಕೆಂಪು, ಅವ್ವನ ಹಣೆಯಲ್ಲಿ ಬರೀ ವಿಭೂತಿ. ತಲೆ ಎತ್ತಿ ನೋಡಿದರೆ ಹಣೆ ತುಂಬ ಕುಂಕುಮ, ಅಪ್ಪ ಇದ್ದಾಗಿನ ಅವ್ವ. ಮತ್ತೆ ಕಣ್ಣು ಹಚ್ಚಿದೆ, ಮತ್ತೆ ತಲೆ ಎತ್ತಿದೆ. ಎಷ್ಟು ನೋಡಿದರೂ ನನಗೆ ಸಾಲಲಿಲ್ಲ. ಹಿಂಗೇ ಎದ್ದು ಬೀದಿಯಲ್ಲಿ ನಡೆದು ಮನೆಗೆ ಹೋಗೋಣ ಬಾ, ಯಾವನು ಕೇಳುತ್ತಾನೋ ನೋಡಿಯೇಬಿಡೋಣ ಅನ್ನಬೇಕು ಅನ್ನಿಸಿತು. ಆದರೆ ಅದು ನನ್ನ ಸಿಟ್ಟಿನ ಮಾತು, ಅವಳ ಆಸೆಯಲ್ಲ. ಏನು ನೋಡುತ್ತೀಯ, ತೆಗಿ ಎಂದು ಗದರಿದಳು. ಕೆಂಪು ಗಾಜು ಬೆಳಕು ತಿನ್ನುತ್ತದೆ, ಕೂತವರು ಅಲುಗಾಡಬಾರದು. ಅವ್ವ ಉಸಿರು ಹಿಡಿದಳು. ಕಣ್ಣಲ್ಲಿ ನೀರು ಬರುತ್ತಿತ್ತು, ಅದು ಕೆಳಗಿಳಿಯುವ ಮೊದಲು ಒತ್ತಿದೆ.

ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿದೆ. ಕುಂಕುಮ ಇರಲಿಲ್ಲ. ಆದರೆ ಅದಿದ್ದ ಜಾಗ ಉಳಿದ ಹಣೆಗಿಂತ ಒಂಚೂರು ಬೆಳ್ಳಗೆ, ದುಂಡಗೆ ಕಾಣುತ್ತಿತ್ತು. ಹೇಳಿದರೆ ಮಾತ್ರ ಗೊತ್ತಾಗುವಷ್ಟು. ಅದನ್ನೂ ಒಂದು ನಿಮಿಷದಲ್ಲಿ ಅಳಿಸುತ್ತೇನೆ ಎಂದು ಮೌಸ್ ಹಿಡಿದೆ. ಅವ್ವ ನನ್ನ ಕೈ ಹಿಡಿದಳು.

"ಅದನ್ನ ಮುಟ್ಟಬ್ಯಾಡ," ಅಂದಳು. "ಅಲ್ಲೇ ಐತಿ ಅದು."

ಆಮೇಲೆ ಸೆರಗಿನ ತುದಿ ಒದ್ದೆ ಮಾಡಿ ಹಣೆ ಒರೆಸಿಕೊಂಡಳು. ಈ ಸಲ ಒರೆಸಿದ್ದು ಅವಳದೇ ಕೈ. ಸೆರಗಿಗೆ ಹತ್ತಿದ ಕೆಂಪನ್ನು ನಲ್ಲಿಯಲ್ಲಿ ತಿಕ್ಕಿ ತೊಳೆದು, ವಿಭೂತಿ ಹಚ್ಚಿಕೊಂಡು, ಮೂಲೆಗೆ ಹೋಗಿ ಕತ್ತರಿ ಹಿಡಿದಳು. ನಾನು ಬಾಗಿಲು ತೆಗೆದೆ.

ಹೋದ ವರ್ಷ ಅವ್ವನೂ ಹೋದಳು. ಶಿವಗಣಾರಾಧನೆಯ ದಿನ ಪಡಸಾಲೆಯಲ್ಲಿ ಅದೇ ಫೋಟೋ ಇಟ್ಟು ಹೂವಿನ ಹಾರ ಹಾಕಿದ್ದೆವು. ಬಂದವರೆಲ್ಲ ಮೆಚ್ಚಿಕೊಂಡರು. ಬಳಗದ ಹಿರಿಯರೊಬ್ಬರಂತೂ, ಗಂಡ ಹೋದ ಮೇಲೆ ಹೆಣ್ಣು ಹೀಗಿರಬೇಕು, ಹಣೆಯಲ್ಲಿ ಹ್ಯಾಂಗ ಕಳೆ ಐತಿ ನೋಡ್ರಿ ಎಂದು ನಾಲ್ಕು ಮಂದಿಗೆ ತೋರಿಸಿದರು. ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಒಲೆಯ ಕಡೆ ಹೋಗಿ ಮುಖ ಒರೆಸಿಕೊಂಡೆ.

ಹೊಳಲಿನಿಂದ ಚಿಗವ್ವ ಬಂದಿದ್ದಳು, ಅವ್ವನ ತಂಗಿ. ಮದುವೆಯಾದ ಮರುವರ್ಷವೇ ಗಂಡನನ್ನು ಕಳೆದುಕೊಂಡವಳು. ನಾನು ಹುಟ್ಟಿದಾಗಿನಿಂದ ಅವಳ ಹಣೆಯ ಮೇಲೆ ವಿಭೂತಿ ಬಿಟ್ಟು ಬೇರೇನನ್ನೂ ನೋಡಿಲ್ಲ. ಎಲ್ಲರೂ ಊಟಕ್ಕೆ ಎದ್ದು ಹೋದರೂ ಅವಳು ಫೋಟೋದ ಮುಂದಿನಿಂದ ಕದಲಲಿಲ್ಲ. ನಾನು ಕರೆಯಲು ಹೋದಾಗ ಆ ಬೆಳ್ಳನೆಯ ಜಾಗದ ಮೇಲೆ, ಗಾಜಿನ ಹೊರಗಿನಿಂದ, ಬೆರಳಿಟ್ಟುಕೊಂಡು ನಿಂತಿದ್ದಳು. ನಿಮ್ಮವ್ವ ನನಗೊಬ್ಬಳಿಗೇ ಹೇಳಿದ್ದಳು ಅಂದಳು. ಹಿಂದೆ ಯಾರಾದರೂ ಇದ್ದಾರೇನೋ ಎಂದು ತಿರುಗಿ ನೋಡಿದಳು.

"ಆ ಕೆಂಪು ಗಾಜು ಇನ್ನೂ ಐತೇನು?"

ಐತಿ ಚಿಗವ್ವ ಅಂದೆ. ಪಂಕ್ತಿಯವರು ಊಟ ಮುಗಿಸಿ ಏಳುವ ಮೊದಲೇ ಬೀಗದ ಕೈ ತೆಗೆದುಕೊಂಡು ಇಬ್ಬರೂ ಸ್ಟುಡಿಯೋದ ಕಡೆ ಹೊರಟೆವು.