ಕುರ್ಚಿ ಎಳೆದ ಸದ್ದು

ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಯಾರಾದರೂ ಕಬ್ಬಿಣದ ಕುರ್ಚಿಯನ್ನು ಎತ್ತದೆ ನೆಲದ ಮೇಲೆ ಎಳೆದರೆ, ಗಡಿಯಾರದಲ್ಲಿ ಎಷ್ಟೇ ಆಗಿರಲಿ, ನನಗೆ ಅಷ್ಟೇ ಗಂಟೆ. ಇವತ್ತು ಹೊನ್ನಾವರದ ಬ್ಯಾಂಕಿನಲ್ಲಿ ಜವಾನನೊಬ್ಬ ಹಾಗೆ ಎಳೆದ. ಚಲನ್ ಬರೆಯುತ್ತಿದ್ದ ನನ್ನ ಕೈ ನಿಂತಿತು. ಹಿಂದಿದ್ದವರು "ಬೇಗ ಮಾಡಿ ಮಾರಾಯ್ರೆ" ಅಂದರು. ನಿಮಗೂ ಇಂಥದೊಂದು ಸದ್ದು ಇರಬಹುದು, ಇರದಿದ್ದರೆ ಒಳ್ಳೆಯದು.

ತೊಂಬತ್ತರ ದಶಕದ ಕೊನೆ. ಭಟ್ಕಳ ಬಂದರಿನ ಹತ್ತಿರದ ಒಂದು ಐಸ್ ಫ್ಯಾಕ್ಟರಿಯಲ್ಲಿ ನಾನು ಗುಮಾಸ್ತ, ಬಿ.ಎ. ಮುಗಿಸಿದ ಜಂಬವಿದ್ದ ಗುಮಾಸ್ತ. ಶಿರಾಲಿಯ ತಿಮ್ಮಣ್ಣ ಅಲ್ಲಿಯ ಯಂತ್ರ ನೋಡಿಕೊಳ್ಳುತ್ತಿದ್ದ. ಒಂದು ಮೋಟಾರು ಕಳವಾಯಿತು. ಅಂದು ಮಧ್ಯಾಹ್ನ ಜೀಪು ಬಂದು ನಮ್ಮಿಬ್ಬರನ್ನೂ ಠಾಣೆಗೆ ಒಯ್ದಿತು. ಯಾವ ಠಾಣೆಯೆಂದು ಹೇಳುವುದಿಲ್ಲ. "ನೀ ಕಲ್ತವ, ಇಲ್ಲೇ ಕೂತ್ಕೊ" ಎಂದು ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ತಿಮ್ಮಣ್ಣನನ್ನು ಒಳಗೆ ಹಾಕಿಕೊಂಡು ಬಾಗಿಲು ಮುಚ್ಚಿದರು. ಠಾಣೆಯ ಗಡಿಯಾರದಲ್ಲಿ ನಾಲ್ಕು ಇಪ್ಪತ್ತು. ಕುರ್ಚಿ ಎಳೆದ ಸದ್ದು, ಆಮೇಲೆ ಅವನ ಕೂಗು, ಪ್ರತಿ ಸಲವೂ ಹಾಗೇ. ಮೂರನೆಯ ದಿನ ಮೋಟಾರು ಬೇರೆಲ್ಲೋ ಸಿಕ್ಕಿತು, ನಮ್ಮನ್ನು ಬಿಟ್ಟರು.

ಅಂದಿನಿಂದ ತಿಮ್ಮಣ್ಣ ಮುಚ್ಚಿದ ಕೋಣೆಯಲ್ಲಿ ಮಲಗಲಾರದಾದ. ಜಗಲಿಯ ಕಂಬಕ್ಕೆ ಒರಗಿ ಬೆಳಗು ಮಾಡುತ್ತಿದ್ದ. ಏನಾಯಿತೆಂದು ಹೆಂಡತಿಗೂ ಹೇಳಲಿಲ್ಲ. ನನಗೂ ನಿದ್ರೆಯಿಲ್ಲ. ಆದರೆ ನನ್ನ ಮೈಮೇಲೆ ಒಂದು ಏಟೂ ಬಿದ್ದಿರಲಿಲ್ಲವಲ್ಲ. ನಿದ್ರೆಯಿಲ್ಲವೆಂದು ಹೇಳಿಕೊಳ್ಳಲು ನಾಚಿಕೆ.

ಒಂದೆರಡು ವರ್ಷದ ಮೇಲೆ ಕುಮಟಾಕ್ಕೆ ಒಬ್ಬ ಮೇಡಂ ಬಂದರು. ಹಿಂಸೆ ಅನುಭವಿಸಿದವರೊಡನೆ ಮಾತಾಡುವುದು ಅವರ ಕೆಲಸ. ಮಾತಿನಿಂದ ನಿಜಕ್ಕೂ ಗುಣವಾಗುತ್ತದೋ, ದಿನ ಕಳೆದಂತೆ ತಾನಾಗಿ ಆಗುತ್ತದೋ ಎಂದು ಅವರು ಪರೀಕ್ಷಿಸಬೇಕಿತ್ತು. ಅದಕ್ಕಾಗಿ ಕೆಲವರಿಗೆ ಈಗಲೇ ಮಾತು, ಉಳಿದವರಿಗೆ ಕೆಲವು ತಿಂಗಳ ನಂತರ. ತಿಮ್ಮಣ್ಣನನ್ನೂ ಅವನ ಹೆಂಡತಿಯನ್ನೂ ಒತ್ತಾಯಿಸಿ ಕರೆದುಕೊಂಡು ಹೋದೆ. ಯಾರಿಗೆ ಯಾವುದೆಂದು ಸ್ಟೀಲ್ ಡಬ್ಬಿಯಲ್ಲಿ ಚೀಟಿ ಹಾಕಿದರು. ನನಗೆ 'ಈಗ' ಬಂತು. ತಿಮ್ಮಣ್ಣನಿಗೆ 'ಆಮೇಲೆ'.

"ನನ್ನದು ಅವನಿಗೆ ಕೊಡಿ" ಎಂದೆ.

"ಬದಲಾಯಿಸಿದರೆ ಇದು ಪರೀಕ್ಷೆಯೇ ಅಲ್ಲ" ಎಂದರು ಮೇಡಂ. "ನಡುವೆ ಅವರಿಗೆ ಹೆಚ್ಚಾದರೆ ಡಾಕ್ಟರ ಹತ್ತಿರ ನಾನೇ ಕರೆದೊಯ್ಯುತ್ತೇನೆ."

ಮೇಡಂಗೆ ಗೊತ್ತಿಲ್ಲದ್ದು ನಮ್ಮ ಕಡೆಯ ಪ್ರಸಾದ. ಮದುವೆಯಿರಲಿ, ಬಾವಿಯಿರಲಿ, ದೇವರ ಮೈಗೆ ಹೂವಿನ ಎಸಳು ಅಂಟಿಸಿ ಕೇಳುತ್ತೇವೆ. ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಇಲ್ಲ. ತಿಮ್ಮಣ್ಣನ ಹೆಂಡತಿ ಮಾದೇವಿ ಅತ್ತಿಗೆ ಚೀಟಿ ಕಂಡದ್ದೇ, "ಎಡ ಪ್ರಸಾದ ಆತು" ಎಂದು ಎದ್ದುಬಿಟ್ಟಳು. ತಿಮ್ಮಣ್ಣನಿಗೂ ಅಷ್ಟೇ ಬೇಕಿತ್ತು. "ದೇವ್ರೇ ಬೇಡ ಅಂದ್ಮೇಲೆ ನಾ ಎಂತಕ್ಕೆ ಬಾಯಿ ಬಿಡ್ಲಿ?"

ನಾನು ವಾರವಾರ ಕುಮಟಾದ ಬಸ್ಸು ಹತ್ತಿದೆ. ಮೊದಮೊದಲು ಬಿ.ಎ. ಪರೀಕ್ಷೆಯ ಉತ್ತರದಂತೆ ಪೀಠಿಕೆ ಹಾಕಿ, ಕಾರಣಗಳನ್ನು ವಿವರಿಸಿ, ಉಪಸಂಹಾರ ಮಾಡುತ್ತಿದ್ದೆ. ಮೇಡಂ ಕೇಳಿಸಿಕೊಂಡು, "ಸರಿ, ನೀವು ಎಲ್ಲಿ ಕೂತಿದ್ದಿರಿ?" ಎನ್ನುತ್ತಿದ್ದರು. ಮತ್ತೆ ಬೆಂಚಿನಿಂದ ಶುರು. ಎಷ್ಟನೆಯ ಸಲವೋ, ಯಾರಿಗೂ ಹೇಳದ್ದು ಹೊರಬಿತ್ತು. ಕೊನೆಕೊನೆಗೆ ಒಳಗಿನಿಂದ ಕೂಗು ನಿಂತುಹೋಗಿತ್ತು. ತಿಮ್ಮಣ್ಣ ಸತ್ತನೆಂದುಕೊಂಡೆ. ಕುರ್ಚಿ ಇನ್ನೊಮ್ಮೆ ಎಳೆಯಲಿ ದೇವರೇ ಎಂದು ಬೇಡಿದೆ. ಎಳೆದರೆ ಮತ್ತೆ ಹೊಡೆಯುತ್ತಾರೆ, ಹೊಡೆದರೆ ಅವನು ಇದ್ದಾನೆಂದಾಯಿತು. ಕುರ್ಚಿ ಎಳೆದ ಸದ್ದು ಬಂದಾಗ ನನಗೆ ಸಮಾಧಾನವಾಗಿತ್ತು.

ತಿಮ್ಮಣ್ಣನ ಸರದಿ ಬಂತು. ಅವನು ಹೊರಡಲಿಲ್ಲ. ಶಿರಾಲಿಗೆ ಹೋಗಿ ಅವನ ಜಗಲಿಯಲ್ಲಿ ಕೂತೆ. ಕರೆಯಲು ಹೋದವನು, ಬೇರೆ ಮಾತು ತೋಚದೆ, ಮೇಡಂಗೆ ಹೇಳಿದ್ದನ್ನೇ ಅವನಿಗೂ ಹೇಳಿದೆ.

"ಕಡೇಗೆ ಎಳ್ದದ್ದು ಅವ್ರಲ್ಲ ಮಾರಾಯ" ಅಂದ. "ಅವ್ರು ಚಾಕ್ಕೆ ಹೋಗಿದ್ರು. ನಾ ನೆಲದ ಮೇಲಿದ್ದೆ. ಕುರ್ಚಿ ಕಾಲಿಗೆ ಸಿಕ್ತು, ಕಾಲಲ್ಲೇ ಎಳ್ದೆ. ಹೊರಗೆ ನೀ ಇದ್ಯಲ್ಲ, ನಾ ಇನ್ನೂ ಬದ್ಕಿದ್ದೆ ಹೇಳಿ ಗೊತ್ತಾಗ್ಲಿ ಅಂತ."

ಆ ಕೋಣೆಯ ಬಗ್ಗೆ ಅವನು ಆಡಿದ ಮೊದಲ ಮಾತು ಅದು. ಬಾಗಿಲ ಹಿಂದೆ ಮಾದೇವಿ ಅತ್ತಿಗೆ ಸೆರಗಿನಿಂದ ಮೂಗು ಒರೆಸಿಕೊಂಡದ್ದು ಕೇಳಿಸಿತು. ಮರುದಿನ ಅವಳು ಗುಡಿಗೆ ಹೋಗಿ ನಿಜವಾದ ಪ್ರಸಾದವನ್ನೇ ಕೇಳಿದಳು. ಬಲಕ್ಕೆ ಬಂತಂತೆ. ಎಷ್ಟು ಸಲ ಕೇಳಿದಳೆಂದು ನಾನು ವಿಚಾರಿಸಲಿಲ್ಲ.

ತಿಮ್ಮಣ್ಣ ಕುಮಟಾಕ್ಕೆ ಹೋಗಿಬಂದ. ಬಾಗಿಲು ತೆರೆದಿಡಬೇಕೆಂಬ ಒಂದೇ ಕರಾರು. ಜಗಲಿಯ ಮಾತಿನ ಸುದ್ದಿ ಹೇಳಿದಾಗ ಮೇಡಂ ಹಣೆ ಒತ್ತಿಕೊಂಡರು. ಅವರ ಪರೀಕ್ಷೆಯ ಲೆಕ್ಕವನ್ನು ನಾವು ಕೆಡಿಸಿದ್ದಿರಬೇಕು. ಫಲಿತಾಂಶ ಏನಾಯಿತೋ ನನಗೆ ತಿಳಿಯದು. ತಿಳಿದಿರುವುದು ಇಷ್ಟು: ಆ ವರ್ಷದ ಚೌತಿಯ ಮರುದಿನ ಮಾದೇವಿ ಅತ್ತಿಗೆ ಬೂತಿನಿಂದ ಫೋನು ಮಾಡಿ, "ಇವ್ರು ನಿನ್ನೆ ಒಳಗೇ ಮಲ್ಗಿದ್ರು. ಬೆಳಗಿನವರೆಗೂ ಏಳ್ಲಿಲ್ಲ" ಎಂದಳು. ಆ ರಾತ್ರಿ ನಾನೂ ನಡುವೆ ಏಳದೆ ಮಲಗಿದೆ.

ಇವತ್ತು ಬ್ಯಾಂಕಿನಿಂದ ಹೊರಬಂದವನೇ ಶಿರಾಲಿಗೆ ಫೋನು ಮಾಡಿದೆ.

"ಊಟ ಮಾಡಿ ಒಳಗೆ ಮಲ್ಗಿದ್ರು, ಏಳ್ಸಲಾ?" ಎಂದಳು ಅತ್ತಿಗೆ.

"ಬೇಡ" ಎಂದೆ.