ಹುಲ್ಲಿನಡಿಯ ಮಠ

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ರಂಗೋಲಿ ಪುಡಿಯಿಂದ ಮೊಣಕೈವರೆಗೆ ಬೆಳ್ಳಗಾಗಿ, ಅಕ್ಕ ಮದರಾಸಿನ ವೆಸ್ಟ್ ಮಾಂಬಲಂನ ನಮ್ಮ ತಾರಸಿಯ ಮೇಲೆ ಒಂದು ಮಠದ ಗೋಡೆಗಳ ಗೆರೆ ಎಳೆಯುತ್ತಿದ್ದಳು. ಎಂಬತ್ತರ ದಶಕದ ಮೊದಲ ವರ್ಷಗಳ ಒಂದು ಭಾನುವಾರ. ಅವಳು ನಿಂತು ಮಾತಾಡಿದ ಕೊನೆಯ ದಿನ.

ಅಕ್ಕ ಪುರಸೈವಾಕ್ಕಂನ ಹುಡುಗಿಯರ ಶಾಲೆಯಲ್ಲಿ ಚರಿತ್ರೆ ಟೀಚರ್. ಮದುವೆಯಾಗಲಿಲ್ಲ, ನಮ್ಮ ಜೊತೆಗೇ ಇದ್ದಳು. ಇಂಗ್ಲೆಂಡಿನ ಒಂದು ಪ್ರಯರಿ, ಅಂದರೆ ಕ್ರೈಸ್ತ ಸನ್ಯಾಸಿಗಳ ಹಳೆಯ ಮಠ, ಅವಳ ಹುಚ್ಚು. ಕಾಲೇಜಿನಲ್ಲಿ ಅದರ ಬಗ್ಗೆ ಪ್ರಬಂಧ ಬರೆದಿದ್ದಳು, ಕಣ್ಣಾರೆ ಕಂಡಿರಲಿಲ್ಲ. ನಾನೂರೈವತ್ತು ವರ್ಷದ ಹಿಂದೆ ಅಲ್ಲಿನ ರಾಜ ಆ ಮಠ ಮುಚ್ಚಿಸಿದ. ಮಾಡಿಗೆ ಹೊದಿಸಿದ್ದ ಸೀಸ ಕಿತ್ತು ಕರಗಿಸಿದರು. ಕಲ್ಲುಗಳನ್ನು ಜನ ಹೊತ್ತು ಮನೆ ಕಟ್ಟಿಕೊಂಡರು. ಪ್ರಾರ್ಥನೆಗೆಂದು ಊರವರು ಉಳಿಸಿಕೊಂಡ ಅರ್ಧ ಚರ್ಚು ಮಾತ್ರ ಈಗಲೂ ನಿಂತಿದೆ, ಮಿಕ್ಕದ್ದೆಲ್ಲ ಹುಲ್ಲು. ಆದರೆ ಬೇಸಿಗೆ ಬಿರುಸಾದರೆ ಹೂತ ಗೋಡೆಗಳ ಮೇಲಿನ ಹುಲ್ಲು ಮೊದಲು ಒಣಗಿ, ಇಡೀ ಮಠದ ಗೆರೆಗಳು ಹಳದಿಯಾಗಿ ಏಳುತ್ತವಂತೆ. ಅದನ್ನೊಮ್ಮೆ ನೋಡಬೇಕು ಅನ್ನುವುದೇ ಅವಳ ಆಸೆ. ಆ ವರ್ಷ ಶಿಕ್ಷಕರ ತರಬೇತಿಗೆಂದು ಇಂಗ್ಲೆಂಡಿಗೆ ಕಳಿಸಲು ಅವಳನ್ನು ಆರಿಸಿದ್ದರು.

“ಇದು ಊಟದ ಮನೆ,” ಎಂದಳು ಅಕ್ಕ, ರಂಗೋಲಿ ಗೆರೆಗಳ ನಡುವೆ ನಿಂತು. “ಸನ್ಯಾಸಿಗಳಲ್ಲಿ ಒಬ್ಬ ಓದ್ತಾನೆ, ಉಳಿದವರು ಬಾಯಿ ಬಿಡೋ ಹಾಗಿಲ್ಲ.”

ನನ್ನ ಮಗಳು ದೊಡ್ಡಮ್ಮನಿಗೆ ಎಂದಿನಂತೆ ತಮಿಳಿನಲ್ಲೇ ಅಂದಳು: “ಅಪ್ಪೋ ಪೆರಿಯಮ್ಮಾ, ನೀಂಗ ಪಟ್ಟಿನಿದಾನ್!”

“ಉಪವಾಸ ನಾನೊಬ್ಬಳೇ ಏನೇ, ಬಾಯಿಬಡಕಿ? ನಿನಗೂ ಗಂಜಿ ಸಿಗಲ್ಲ.”

ಮರುದಿನ ಬೆಳಿಗ್ಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ತಿಳಿವಳಿಕೆ ಮಾತ್ರ ಹಾಗೇ ಉಳಿಯಿತು; ಅದನ್ನು ನೋಡುವುದೇ ಕಷ್ಟ.

ಅವಳ ಬದಲು ಹೋಗಿದ್ದ ಟೀಚರ್, ವಾಪಸು ಬಂದ ಮೇಲೆ ಮಠದ ಫೋಟೊ ಹಿಡಿದು ಮನೆಗೆ ಬಂದರು. “ಒಂದೇ ಮಳೆ ಟೀಚರ್. ಎಲ್ಲಾ ಹಸಿರು. ಒಂದು ಗೆರೆಯೂ ಕಾಣಲಿಲ್ಲ,” ಎಂದು ತಪ್ಪು ತಮ್ಮದೇ ಎಂಬಂತೆ ಹೇಳಿದರು.

ಅವರು ಹೋದ ಮೇಲೆ ಅಕ್ಕ ಆ ಹಸಿರಿನ ಮೇಲೆ ಎಡಗೈ ಬೆರಳೂರಿ ನನ್ನ ಮುಖ ನೋಡಿದಳು.

“ಊಟದ ಮನೆ,” ಎಂದೆ, ಆ ಭಾನುವಾರದ ರಂಗೋಲಿ ನೆನೆದು.

ಹೌದೆಂದು ತಲೆಯಾಡಿಸಿ ಬೆರಳು ಸರಿಸಿದಳು.

“ಮಲಗೋ ಮನೆ.”

ಹೌದು.

ಎಸ್ಸೆಸ್ಸೆಲ್ಸಿಗೇ ಓದು ನಿಂತುಹೋದ ನನ್ನ ಬಾಯಿಂದ ಒಂದೊಂದೇ ಕೋಣೆಯನ್ನು ಎಬ್ಬಿಸಿದಳು. ಕೊನೆಗೆ ಚರ್ಚಿನ ಪಕ್ಕದಲ್ಲೊಂದು ಕಡೆ ಬೆರಳು ನಿಂತಿತು. ಅಡುಗೆಮನೆ ಅಂದೆ, ಉಗ್ರಾಣ ಅಂದೆ, ರೋಗಿಗಳ ಕೋಣೆ ಅಂದೆ. ಯಾವುದೂ ಅಲ್ಲ. ಅಲ್ಲೇ ಕುಟ್ಟಿ ಕುಟ್ಟಿ ತೋರಿಸಿದಳು. ಅವಳ ಕಣ್ಣು ತುಂಬಿಕೊಂಡಿತು.

“ನೆನಪು ಮಾಡ್ಕೋತೀನಿ ಅಕ್ಕ. ಈಗ ಮಲಕ್ಕೋ,” ಎಂದೆ.

ಸಂಕ್ರಾಂತಿಗೆ ಮುಂಚೆ ಅಕ್ಕ ಹೋಗಿಬಿಟ್ಟಳು. ಆ ಕೋಣೆ ಯಾವುದೆಂದು ನನಗೆ ಇನ್ನೂ ನೆನಪಾಗಿಲ್ಲ.