ಎರಡನೆಯ ಸಲ ಕೇಳದ ಕಡಲು

ಮಗಳು ಫೋನಿನಲ್ಲಿ ಕೇಳಿದ್ದು ಒಂದೇ ಸಲ. "ಅಪ್ಪಾ, ಡು ಯು ವಾಂಟ್ ಮಿ ಟು ಕಮ್?" ನಾನು ಹ್ಯೂಸ್ಟನ್ನಿನ ನನ್ನ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದೆ. "ಬೇಡ ಬೇಡ, ನಿನಗ್ಯಾಕೆ ತೊಂದ್ರೆ, ನೀನು ಓದ್ಕೋ" ಎಂದೆ. ಹಾಗೆ ಅಂದವನೇ ಒಲೆ ಸಣ್ಣ ಮಾಡಿ, ಅವಳು ಇನ್ನೊಂದು ಸಲ ಕೇಳಲೆಂದು ಕಾದೆ. ಅವಳು "ಓಕೆ" ಎಂದು, ಕ್ಲಾಸಿಗೆ ಹೊತ್ತಾಯಿತೆಂದು ಫೋನಿಟ್ಟಳು. ಸಾಸಿವೆ ಸೀದುಹೋಯಿತು.

ಹೀಗಾಗಿ ಈ ಫೆಬ್ರವರಿಯಲ್ಲಿ ನಲವತ್ತೊಂಬತ್ತು ವರ್ಷದ ನಾನು, ಪೋರ್ಟೊ ರೀಕೊ ದ್ವೀಪದ ಪಶ್ಚಿಮ ದಂಡೆಯ ಒಂದು ಊರಿನಲ್ಲಿ, ಎರಡು ಮಂಚದ ಕೋಣೆಯಲ್ಲಿ, ಇಬ್ಬರಿಗೆ ಐದು ದಿನಕ್ಕಾಗುವಷ್ಟು ಪುಳಿಯೋಗರೆ ಗೊಜ್ಜು ಮತ್ತು ಅವಲಕ್ಕಿ ಇಟ್ಟುಕೊಂಡು ಒಬ್ಬನೇ ಕೂತಿದ್ದೆ. ಹ್ಯೂಸ್ಟನ್ನಿನ ಹಿಲ್‌ಕ್ರಾಫ್ಟ್ ರಸ್ತೆಯ ಇಂಡಿಯನ್ ಅಂಗಡಿಯಲ್ಲಿ ಅದನ್ನು ಕೊಳ್ಳುವಾಗಲೂ ಅವಳು ಕೊನೇ ಗಳಿಗೆಯಲ್ಲಿ ಮತ್ತೆ ಕೇಳಬಹುದು ಎಂಬ ಆಸೆ ಇತ್ತು. ಅವಳು ಬರಬೇಕು ಎಂದೇ ಈ ಪ್ರವಾಸ ಹಾಕಿಕೊಂಡಿದ್ದೆ. ಅದನ್ನು ಅವಳಿಗೆ ಹೇಳುವುದೊಂದು ಬಾಕಿಯಾಗಿತ್ತು.

ನಮ್ಮ ಮನೆಗಳಲ್ಲಿ ಮೊದಲನೆಯ ಸಲ "ಬೇಡ" ಎನ್ನುವುದು ಉತ್ತರವಲ್ಲ, ಗಂಟಲು ಸರಿಮಾಡಿಕೊಂಡ ಹಾಗೆ. ಕಾಫಿ ಕೊಡಲಾ ಎಂದರೆ ಬೇಡ, ಈಗಷ್ಟೇ ಆಯ್ತು. ಇನ್ನೊಂದು ಸಲ ಕೇಳಿದರೆ, ಸುಮ್ನೆ ನಿಮಗ್ಯಾಕೆ ಶ್ರಮ. ಮೂರನೆಯ ಸಲಕ್ಕೆ, ಸರಿ, ಅರ್ಧ ಲೋಟ. ಅರ್ಧ ಲೋಟ ಎಂದರೆ ತುಂಬಿದ ಲೋಟ ಎಂಬುದು ಕೊಡುವವರಿಗೂ ಗೊತ್ತು. ಈ ವಿದ್ಯೆ ನನಗೆ ಸ್ವಲ್ಪ ಹೆಚ್ಚಾಗಿಯೇ ಹತ್ತಿದೆ. ಎರಡೂವರೆ ವರ್ಷಕ್ಕೇ ಟೆಕ್ಸಾಸಿಗೆ ಬಂದ ಮಗಳಿಗೆ ಹತ್ತಲಿಲ್ಲ. ಬೇಡ ಎಂದರೆ ಬೇಡ ಎಂದೇ ತಿಳಿಯುವ ನೇರ ಹುಡುಗಿ ಎಂದು ಬಂದವರ ಮುಂದೆಲ್ಲ ಹೊಗಳಿಕೊಂಡವನೂ ನಾನೇ.

ಮೂರು ವರ್ಷದ ಹಿಂದೆ ನನ್ನ ಹೆಂಡತಿಗೆ ಡಲ್ಲಸ್ ಕಡೆ ದೊಡ್ಡ ಕೆಲಸ ಸಿಕ್ಕಿತು. "ನೀವು ಬೇಡ ಅಂದ್ರೆ ಹೋಗಲ್ಲ ಕಣ್ರೀ" ಎಂದಳು. "ಛೇ, ಹೋಗು. ನಂಗೇನು, ನಾನಿರ್ತೀನಿ" ಎಂದೆ. ಅವಳು ಮೈಸೂರಿನವಳು. ಮೂರು ಸಲ ಕೇಳುವ ಕ್ರಮ ಅವಳಿಗೆ ಚೆನ್ನಾಗಿ ಗೊತ್ತು. ಆದರೂ ಅವತ್ತು ಒಂದೇ ಸಲ ಕೇಳಿದಳು. ಅದರ ಅರ್ಥವೇನು ಎಂದು ಈಗಲೂ ಡ್ರೈವ್ ಮಾಡುವಾಗ ಯೋಚಿಸುತ್ತಿರುತ್ತೇನೆ. ಅವಳು ಅಲ್ಲೇ ಲಿಟಲ್ ಎಲ್ಮ್‌ನಲ್ಲಿ ಕೆರೆ ಕಾಣುವ ಹೊಸ ಮನೆಯಲ್ಲಿದ್ದಾಳೆ, ನಾನು ಹ್ಯೂಸ್ಟನ್ನಿನ ಎನರ್ಜಿ ಕಾರಿಡಾರ್ ಬಡಾವಣೆಯ ಅಪಾರ್ಟ್‌ಮೆಂಟಿನಲ್ಲಿ, ಮಗಳು ಆಸ್ಟಿನ್ನಿನಲ್ಲಿ ಓದುತ್ತಿದ್ದಾಳೆ. ನಾವು ಬೇರೆಯಾಗಿದ್ದೇವೆ ಎಂದು ಯಾರೂ ಹೇಳಿಲ್ಲ. ಆದರೆ ನಾನು ಅಲ್ಲಿಗೆ ಹೋದಾಗ ಹೆಂಡತಿ ಗೆಸ್ಟ್ ರೂಮಿನ ಟವೆಲ್ ಕೊಡುತ್ತಾಳೆ.

ಇನ್ನು ಈ ಪ್ರವಾಸದ ನೆಪ, ಸರ್ಫಿಂಗ್. ಅಲೆಯ ಮೇಲೆ ಹಲಗೆ ಹಾಕಿಕೊಂಡು ನಿಲ್ಲುವ ಈ ಹುಚ್ಚು ನನ್ನದಲ್ಲ, ಮಗಳದು. ಯೂನಿವರ್ಸಿಟಿಯ ಗೆಳತಿಯರ ಜೊತೆ ಕಲಿತವಳು, ಒಂದು ಶನಿವಾರ ನನ್ನನ್ನು ಗ್ಯಾಲ್ವೆಸ್ಟನ್ ಬೀಚಿಗೆ ಎಳೆದುಕೊಂಡು ಹೋದಳು. ನಾನು ಈಜು ಕಲಿತದ್ದೇ ನಲವತ್ತಾರಕ್ಕೆ, ಅಪಾರ್ಟ್‌ಮೆಂಟಿನ ಈಜುಕೊಳದಲ್ಲಿ, ಮೊಮ್ಮಕ್ಕಳನ್ನು ಆಡಿಸಲು ಬಂದ ಅಂಕಲ್‌ಗಳ ಸಲಹೆಗಳ ನಡುವೆ. ಶಾರ್ಕು, ತಾಗಿದರೆ ಮೈ ಉರಿಸುವ ಅಂಬಲಿಮೀನು, ಸೆಳವು, ಗಾಯದೊಳಗೆ ಹೊಕ್ಕು ಮಾಂಸ ತಿನ್ನುವ ಬ್ಯಾಕ್ಟೀರಿಯಾ, ಎಲ್ಲವನ್ನೂ ಹಿಂದಿನ ದಿನವೇ ಓದಿಕೊಂಡಿದ್ದೆ. ಅವಳು ಸೊಂಟಮಟ್ಟದ ಕಂದು ನೀರಿನಲ್ಲಿ ನಿಂತು ನನ್ನ ಬೋರ್ಡನ್ನು ಹಿಂದಿನಿಂದ ತಳ್ಳಿದಳು. ನಾನು ಮೊಣಕಾಲೂರಿದೆ, ಬಿದ್ದೆ, ಉಪ್ಪುನೀರು ಕುಡಿದೆ. ಅವಳು ನಕ್ಕಳು. ಎಷ್ಟೋ ತಿಂಗಳ ಮೇಲೆ ನನ್ನ ಜೊತೆ ಅಷ್ಟು ನಕ್ಕದ್ದು. ಅವತ್ತೇ ನಾನು ಈ ವಿದ್ಯೆಗೆ ಬಿದ್ದೆ ಎಂದರೆ ಸುಳ್ಳಲ್ಲ. ಆಮೇಲೆ ಅವಳಿಗೆ ಓದು ಹೆಚ್ಚಾಯಿತು. ನಾನೊಬ್ಬನೇ ಪ್ರತಿ ಶನಿವಾರ ಹೋಗತೊಡಗಿದೆ. ಬೀಳುವುದರಲ್ಲಿ ತಕ್ಕಮಟ್ಟಿಗೆ ಪಳಗಿದೆ.

ಪೋರ್ಟೊ ರೀಕೊ ಯಾಕೆಂದರೆ, ಗ್ರೀನ್ ಕಾರ್ಡಿನ ಸರದಿಯಲ್ಲಿ ಹದಿನಾಲ್ಕು ವರ್ಷದಿಂದ ನಿಂತಿರುವ ನಮ್ಮಂಥವರು ದೇಶ ಬಿಟ್ಟರೆ, ತಿರುಗಿ ಬರುವಾಗ ಪಾಸ್‌ಪೋರ್ಟಿಗೆ ಹೊಸ ವೀಸಾ ಮೊಹರು ಬೇಕು. ಅದಕ್ಕೆ ಎಷ್ಟು ತಿಂಗಳು ಹಿಡಿಯುತ್ತದೋ, ಸಿಗುತ್ತದೋ ಇಲ್ಲವೋ. ಈ ದ್ವೀಪವಾದರೆ ಅಮೆರಿಕದ್ದೇ. ಹಾಗಿದ್ದರೂ ನನ್ನ ಕಾಗದಪತ್ರಗಳ ಫೈಲನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ, ಬೀಚಿಗೂ. ಚಡ್ಡಿ ಹಾಕಿಕೊಂಡು ಕಂಕುಳಲ್ಲಿ ಫೈಲು ಇಟ್ಟುಕೊಂಡ ಗಂಡಸನ್ನು ಆ ಊರಿನವರು ಏನೆಂದುಕೊಂಡರೋ ತಿಳಿಯದು.

ಕೋಣೆ ಬಾಡಿಗೆಗೆ ಕೊಟ್ಟ ಯಜಮಾನಿಗೆ ಎಪ್ಪತ್ತರ ಹತ್ತಿರ ವಯಸ್ಸು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತಂತೆ. ಬಿಸಿಲಿಗೆ ಒಣಗಿದ ಹುಣಿಸೆಯಂಥ ತೋಳು, ಗಂಡಸಿನಂಥ ದನಿ. ಬೆಳಿಗ್ಗೆ ಅವಳೂ ಬೋರ್ಡು ತಲೆಯ ಮೇಲಿಟ್ಟುಕೊಂಡು ಕಡಲಿಗೆ ಹೊರಟದ್ದು ಕಂಡು ನನಗೆ ಸಮಾಧಾನವಾಯಿತು. ಆಂಟಿಯೇ ಹೋಗುತ್ತಿದ್ದಾರೆ ಎಂದಮೇಲೆ ನನಗೇನು. ಎರಡು ಮಂಚ ಯಾಕೆ ಬುಕ್ ಮಾಡಿದೆ ಎಂದು ಅವಳು ದಾರಿಯಲ್ಲಿ ಕೇಳಿದಳು. ಮಗಳು ಬರುವವಳಿದ್ದಳು, ಬರಲಿಲ್ಲ ಎಂದೆ. ಯಾಕೆ ಎಂದಳು. ನಾನೇ ಬೇಡ ಅಂದೆ ಎಂದೆ. ಅವಳು ನನ್ನನ್ನು ಒಮ್ಮೆ ನೋಡಿ ಮುಂದೆ ನಡೆದಳು.

ಗ್ಯಾಲ್ವೆಸ್ಟನ್ನಿನ ಅಲೆಗಳು ಎಲ್ಲಿ ಬೇಕೆಂದರಲ್ಲಿ ಮುರಿದು ಬೀಳುತ್ತವೆ, ತಳದಲ್ಲಿ ಮರಳು. ಇಲ್ಲಿ ಹಾಗಲ್ಲ. ಭೂಮಿಯ ಒಂದು ಮೂಗು ಕಡಲಿಗೆ ಚಾಚಿದೆ. ದೂರದಿಂದ ಬಂದ ಅಲೆ ಆ ಮೂಗನ್ನು ಬಳಸಿ, ಅದರ ಕೆಳಗಿನ ಹವಳದ ಬಂಡೆಯ ಮೇಲೆ ಏರಿ, ಪ್ರತಿಸಲವೂ ಅದೇ ಜಾಗದಲ್ಲಿ ಮುರಿದು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುರುಳಿ ಬಿಚ್ಚುತ್ತ ಹೋಗುತ್ತದೆ. ಹಾಗಾಗಿ ಎಲ್ಲರೂ ಒಂದೇ ಜಾಗದಲ್ಲಿ ಬೋರ್ಡಿನ ಮೇಲೆ ಕೂತು ಕಾಯುತ್ತಾರೆ. ಮುರಿಯುವ ಜಾಗಕ್ಕೆ ಯಾರು ಹತ್ತಿರವೋ ಅಲೆ ಅವರದು. ಉಳಿದವರು ಬಿಡಬೇಕು. ಸರದಿಯಲ್ಲಿ ಕಾಯುವುದು ತಾನೇ, ಅದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದುಕೊಂಡೆ. ನೀರು ಎಷ್ಟು ತಿಳಿಯಾಗಿತ್ತೆಂದರೆ ಕಾಲಿನ ಕೆಳಗೆ ಬಂಡೆಯ ಹಳದಿ, ಅದರ ಸಂದುಗಳಲ್ಲಿ ಕಪ್ಪು ಮುಳ್ಳಿನ ಉಂಡೆಗಳಂಥ ಜೀವಿಗಳು ಕಾಣುತ್ತಿದ್ದವು. ಕಾಣದಿದ್ದರೆ ಒಳ್ಳೆಯದಿತ್ತು.

ಅರ್ಧ ಗಂಟೆ ಕಾದಮೇಲೆ ಚೆಂದದ್ದೊಂದು ಅಲೆ ಬಂತು. ಅದು ಯಜಮಾನಿಯ ಅಲೆ. ಅವಳು ನನ್ನ ಕಡೆ ತಿರುಗಿ, ಕೈ ಬೀಸಿ, "ಗೋ!" ಎಂದಳು.

ನಾನು ಬೋರ್ಡಿನ ಮೇಲೆ ಕೂತಲ್ಲೇ ಎದೆಯ ಮೇಲೆ ಕೈಯಿಟ್ಟು, ತುಸು ಬಾಗಿ, "ನೋ ನೋ, ಪ್ಲೀಸ್, ಯು" ಎಂದೆ.

ಅಲೆ ನಮ್ಮಿಬ್ಬರ ಕೆಳಗೂ ಹಾದು, ಯಾರಿಗೂ ಸಿಗದೆ, ಒಬ್ಬಂಟಿಯಾಗಿ ಮುರಿದು ದಡಕ್ಕೆ ಹೋಯಿತು. ನೀರಿನಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ಅವಳು ಸ್ಪ್ಯಾನಿಶ್‌ನಲ್ಲಿ ಏನೋ ಅಂದಳು. ಅರ್ಥ ಕೇಳುವ ಅಗತ್ಯ ಬೀಳಲಿಲ್ಲ. ಎರಡನೆಯ ಸಲ ಅವಳು ಕರೆಯಬಹುದೆಂದು ಮಧ್ಯಾಹ್ನದವರೆಗೆ ಅಲ್ಲೇ ಕೂತಿದ್ದೆ. ಬೆನ್ನು ಸುಟ್ಟುಹೋಯಿತು.

ಮಾರನೆಯ ಸಂಜೆ ಜಗಲಿಯಲ್ಲಿ ಅವಳಿಗೆ ಪುಳಿಯೋಗರೆ ಕೊಟ್ಟು, ನಮ್ಮ ಮೂರು ಸಲದ ಕ್ರಮವನ್ನು ನನ್ನ ಇಂಗ್ಲಿಷಿನಲ್ಲಿ ವಿವರಿಸಿ ಕ್ಷಮೆ ಕೇಳಿದೆ. ಅವಳು ಮೂರನೆಯ ತುತ್ತಿಗೆ ಬಾಯಿ ತೆರೆದವಳು ನಿಲ್ಲಿಸಿದಳು.

"ಹಸಿವಾಗಿದ್ದರೂ ಬೇಡ ಅಂತೀರಾ?"

"ಮೊದಲನೇ ಸಲ."

"ಕೊಡೋರಿಗೆ ಬೇರೆ ಕೆಲಸ ಇರಲ್ವಾ?"

ಈ ಪ್ರಶ್ನೆ ನನಗೆ ಯಾವತ್ತೂ ಹೊಳೆದಿರಲಿಲ್ಲ. ನಾನು ನಕ್ಕೆ. ಅವಳು ತಮಾಷೆಗೆ ಕೇಳಿರಲಿಲ್ಲ. "ನಾಳೆ ನಾನು ಹೋಗು ಅಂದರೆ ಹೋಗು," ಎಂದು ಹೇಳಿ, ಕೇಳದೆಯೇ ಇನ್ನೊಂದಿಷ್ಟು ಅನ್ನ ಬಡಿಸಿಕೊಂಡಳು.

ಮೂರನೆಯ ದಿನ, ಗುರುವಾರ, ಅವಳು ಹೋಗು ಎಂದಳು. ನಾನು ಹೊರಟೆ. ಹೊರಡುವ ಮುಂಚೆ ಅರ್ಧ ಕ್ಷಣ, ನಿಜವಾಗಿ ಹೇಳಿದ್ದೋ ಬಾಯಿಮಾತಿಗೋ ಎಂದು ಯೋಚಿಸಿದ್ದೂ ಹೌದು. ಕೈಯಿಂದ ನೀರು ಬಗೆದೆ, ಬೋರ್ಡಿನ ಬಾಲ ಮೇಲೆದ್ದಿತು, ನಾನು ಎದ್ದು ನಿಂತೆ. ನಿಂತೆ ಎಂದು ಬರೆಯುವಾಗ ಈಗಲೂ ಯಾರೋ ಸಾಕ್ಷಿ ಕೇಳುತ್ತಾರೇನೋ ಎನಿಸುತ್ತದೆ. ಬಲಗಡೆ ನೀರಿನ ಗೋಡೆ, ನನ್ನ ಎದೆಮಟ್ಟ. ಕೆಳಗೆ ಹವಳದ ಬಂಡೆ ಹಿಂದಕ್ಕೆ ಓಡುತ್ತಿತ್ತು, ರೈಲಿನ ಕಿಟಕಿಯಿಂದ ಕಂಡ ಹಾಗೆ. ಯಾವ ಯೋಚನೆಯೂ ಇರಲಿಲ್ಲ. ನನ್ನ ಮಟ್ಟಿಗೆ ಅದೇ ದೊಡ್ಡ ವಿಷಯ.

ಐದಾರು ಸೆಕೆಂಡು ಕಳೆದಿರಬಹುದು. ಯಾರಾದರೂ ನೋಡಿದರೇ ಎಂದು ದಡದ ಕಡೆ ತಿರುಗಿದೆ. ದಡದಲ್ಲಿ ನನ್ನ ಫೈಲಿನ ಚೀಲದ ಪಕ್ಕ ಒಂದು ನಾಯಿ ಮಲಗಿತ್ತು. ಇನ್ನಾರೂ ಇರಲಿಲ್ಲ. ತಿರುಗಿದ ಕಾರಣಕ್ಕೇ ಬಿದ್ದೆ. ಎಡಗಾಲು ಬಂಡೆಗೆ ಊರಿತು.

ಯಜಮಾನಿ ನನ್ನ ಅಂಗಾಲಿಗೆ ನೆಟ್ಟ ಕಪ್ಪು ಮುಳ್ಳುಗಳನ್ನು ಎಣಿಸಲು ಹೋಗಿ ಹನ್ನೊಂದಕ್ಕೆ ಬಿಟ್ಟಳು. ಬಿಸಿನೀರಿಗೆ ವಿನೆಗರ್ ಸುರಿದ ಬಕೆಟ್ಟಿನಲ್ಲಿ ನನ್ನ ಕಾಲಿಟ್ಟು ಜಗಲಿಯ ಕುರ್ಚಿಯ ಮೇಲೆ ಕೂರಿಸಿ, ಮುಳ್ಳು ತಾವೇ ಕರಗುತ್ತವೆ, ನೀನು ಸಾಯುವುದಿಲ್ಲ ಎಂದು ಹೇಳಿ ತನ್ನ ಕೆಲಸಕ್ಕೆ ಹೋದಳು. ನಾನು ಸಾಯುವ ಸಾಧ್ಯತೆಗಳನ್ನು ಫೋನಿನಲ್ಲಿ ಓದುತ್ತಿದ್ದೆ. ಹೊತ್ತು ಇಳಿಯುತ್ತಿತ್ತು. ನಿಂತೆ ಎಂಬುದನ್ನು ಯಾರಿಗೆ ಹೇಳುವುದು ಎಂದು ಯೋಚಿಸುವಾಗ ಒಂದೇ ಒಂದು ಮುಖ ಹೊಳೆಯಿತು. ಅಷ್ಟರಲ್ಲಿ ಮಗಳದೇ ಫೋನ್ ಬಂತು.

ಎಲ್ಲಾ ಹೇಳಿದೆ. ಮುಳ್ಳಿನ ಲೆಕ್ಕ ಮಾತ್ರ ಮೂರಕ್ಕೆ ಇಳಿಸಿದೆ. ನನ್ನ ದನಿಯಲ್ಲಿ ಅವಳಿಗೆ ಏನು ಕೇಳಿಸಿತೋ.

"ಅಪ್ಪಾ, ಯು ಸೌಂಡ್ ವಿಯರ್ಡ್. ಶುಡ್ ಐ ಕಮ್? ಟುಮಾರೋ ಫ್ಲೈಟ್ ಇರಬಹುದು."

ಬೇಡ ಎಂಬುದು ಹಲ್ಲಿನ ಹಿಂದೆ ಬಂದು ನಿಂತಿತ್ತು. ನುಂಗಿದೆ. ಅದು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ಬಾ ಪುಟ್ಟಾ," ಎಂದೆ. "ನೀನು ಬರ್ಬೇಕು ಅಂತ ಮೊದ್ಲಿಂದ್ಲೂ ಆಸೆ ಇತ್ತು ನಂಗೆ."

ಸಿಗ್ನಲ್ ಹೋಯಿತೇನೋ ಎಂದು ಫೋನನ್ನು ಕಿವಿಯಿಂದ ತೆಗೆದು ನೋಡಿದೆ. ಹೋಗಿರಲಿಲ್ಲ.

"ಅಪ್ಪಾ… ಐ ಹ್ಯಾವ್ ಎ ಮಿಡ್‌ಟರ್ಮ್ ಆನ್ ಮಂಡೇ."

"ಮತ್ತೆ ಯಾಕೇ ಕೇಳಿದೆ?"

"ಐ ಥಾಟ್ ಯು ವುಡ್ ಸೇ ಬೇಡ. ಯು ಆಲ್ವೇಸ್ ಸೇ ಬೇಡ. ಐ ವಾಸ್ ಜಸ್ಟ್… ಕೇಳಿದೆ ಅಷ್ಟೇ."

ಹತ್ತಲಿಲ್ಲ ಎಂದುಕೊಂಡ ವಿದ್ಯೆ ಅವಳಿಗೆ ಹತ್ತಿತ್ತು. ನನಗೆ ನಗು ಬಂತು. ಬಕೆಟ್ಟಿನ ನೀರು ಅಲುಗುವಷ್ಟು ನಕ್ಕೆ. ಅವಳು ನಗಲಿಲ್ಲ.

"ಹೋದ ತಿಂಗಳು ಕೇಳಿದ್ದು?" ಎಂದೆ. ಕೇಳಬಾರದಿತ್ತು.

"ಅದು ರಿಯಲ್," ಎಂದಳು. "ಐ ಹ್ಯಾಡ್ ಲುಕ್ಡ್ ಅಪ್ ಟಿಕೆಟ್ಸ್ ಅಂಡ್ ಎವೆರಿಥಿಂಗ್."

ಬೇಡ ಎಂದೇ ಬದುಕಿದವನಿಗೆ, ಬೇಕು ಎಂದು ಬಾಯಿಬಿಟ್ಟು ಕೇಳಿ ಇಲ್ಲ ಎನ್ನಿಸಿಕೊಳ್ಳುವುದು ಅಭ್ಯಾಸವಿಲ್ಲ. ಹೀಗೆ ಆಗುತ್ತದೆಂಬ ಭಯಕ್ಕೇ ಇಷ್ಟು ವರ್ಷ ಉಪಚಾರದ ಹಿಂದೆ ನಿಂತಿದ್ದೆನೋ ಏನೋ. ಕಾಲಿಗಿಂತ ಹೆಚ್ಚು ಎಲ್ಲೋ ಚುಚ್ಚಿತು. ಪರೀಕ್ಷೆ ಮುಖ್ಯ, ನಾನು ಆರಾಮಾಗಿದ್ದೀನಿ, ಊಟ ಮಾಡು ಎಂದು ಮುಗಿಸುವ ಮಾತು ಸಿದ್ಧವಾಗಿಯೇ ಇತ್ತು. ಅವಳೂ ಅದನ್ನೇ ಕಾಯುತ್ತಿದ್ದಳು.

"ಫೋನ್ ಇಡ್ಬೇಡ," ಎಂದೆ. "ಮಾತಾಡ್ಬೇಕಂತ ಏನಿಲ್ಲ. ನೀನು ಓದ್ಕೊಂಡಿರು. ನಾನು ಇಲ್ಲೇ ಕೂತಿರ್ತೀನಿ."

"ಫಾರ್ ಹೌ ಲಾಂಗ್?"

"ಗೊತ್ತಿಲ್ಲ. ಸ್ವಲ್ಪ ಹೊತ್ತು."

"ಓಕೆ," ಎಂದಳು. ಫೋನನ್ನು ಯಾವುದೋ ಮೇಜಿನ ಮೇಲಿಟ್ಟ ಸದ್ದು ಬಂತು. ಆಮೇಲೆ ಹಾಳೆ ಮಗುಚುವುದು, ಪೆನ್ನಿನ ಮುಚ್ಚಳ, ಯಾರೋ ಕುರ್ಚಿ ಎಳೆಯುವುದು. ಒಂದು ಸಲ ಅವಳು ಬಾಯೊಳಗೇ ಯಾವುದೋ ಲೆಕ್ಕ ಹೇಳಿಕೊಂಡಳು. ನಾನು ಸ್ಪೀಕರ್ ಹಾಕಿ ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಕಡಲಿಗೆ ಚಾಚಿದ ಆ ಮೂಗಿನ ಆಚೆ ಇನ್ನೂ ನಾಲ್ಕಾರು ಜನ ಅಲೆಗೆ ಕಾಯುತ್ತ ಕೂತಿದ್ದರು, ಕಪ್ಪು ಚುಕ್ಕೆಗಳ ಹಾಗೆ. ಬಕೆಟ್ಟಿನ ನೀರು ಆರುತ್ತ ಬಂದಿತ್ತು. ಬ್ಯಾಟರಿ ಹದಿನೆಂಟು ಪರ್ಸೆಂಟ್ ತೋರಿಸುತ್ತಿತ್ತು. ಚಾರ್ಜರ್ ಒಳಗೆ ಸೂಟ್‌ಕೇಸಿನಲ್ಲಿತ್ತು. ಎದ್ದರೆ ಕುರ್ಚಿ ಕಿರ್ರೆಂದು, ಅವಳು ಏನಾಯಿತೆಂದು ಕೇಳಿ, ಈ ಕರೆ ಅಲ್ಲಿಗೇ ಮುಗಿದುಬಿಡಬಹುದು ಎಂದು ನಾನು ಏಳಲಿಲ್ಲ.